ಒಂದೇ ಸರೋವರದ ಹಕ್ಕಿಯೂ ಲೀಮರೂ

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯರಾಗಿದ್ದೆವು. ವಿಜ್ಞಾನದ ಉಪಾಧ್ಯಾಯರ ಸ್ಥಾನವು ಒಂದು ವರ್ಷವಿಡೀ ತೆರವಾಗಿಯೇ ಉಳಿದುದರಿಂದ ಪ್ರಾಣಿಶಾಸ್ತ್ರದ ಪಾಠವೂ ನಮ್ಮ ಪಾಲಿಗೆ ಬಂದಿತು. ಪರೀಕ್ಷೆಯಲ್ಲಿ ಹತ್ತು ಪ್ರಾಣಿಗಳ ಹೆಸರುಗಳನ್ನು ಕೊಟ್ಟು, ಅವುಗಳನ್ನು ವರ್ಗೀಕರಿಸಿ ಬರೆಯಬೇಕೆಂದು ಕೇಳಿದ್ದೆವು. ಬೆಸ್ತರ ಮನೆಯ ಹುಡುಗನೊಬ್ಬನು ಬಾತು, ಕಪ್ಪೆ, ಆಮೆ, ನೀರುನಾಯಿ ಎಂಬ ನಾಲ್ಕನ್ನು ಒಂದೆಡೆ ಬರೆದು ಅದಕ್ಕೆ 'ನಮ್ಮ ಕೆರೆಯವು' ಎಂದು ತಲೆಬರೆಹ ಕೊಟ್ಟಿದ್ದನು. ನವಿಲು, ಚಿರತೆ, ಕಾಡುಪಾಪಗಳು 'ಕಾಡಿನವು'. ಹಸು, ಕೋಳಿ, ಹಲ್ಲಿಗಳು 'ಮನೆಯವು'. ನಾವು ಕೆಂಪು ಮಸಿಯಿಂದ ಉತ್ತರವನ್ನೆಲ್ಲ ಅಡ್ಡವಾಗಿ ಹೊಡೆದು ಸೊನ್ನೆಯನ್ನಿತ್ತೆವು. ಪತ್ರಿಕೆಯನ್ನು ಹಿಂದಿರುಗಿಸಿದಾಗ ಹುಡುಗನು ಎದ್ದು ನಿಂತು, "ಕೆರೆ ಬತ್ತಿದ್ರೆ ಇವೆಲ್ಲಾ ಒಟ್ಟಿಗೇ ಹೋಯ್ತವಲ್ಲ, ಮೇಷ್ಟ್ರೇ" ಎಂದನು. ಪ್ರಶ್ನೆಗೆ ಉತ್ತರ ಹೇಳಲಾರದವನು ಮಾತಿಗೆ ಮಾತು ಕೊಡಬಾರದೆಂದು ಗದರಿಸಿ ಅವನನ್ನು ಕುಳ್ಳಿರಿಸಿದೆವು.

ಆ ಮಾತು ಈಚೆಗೆ ನಮಗೆ ಮತ್ತೆ ಮತ್ತೆ ನೆನಪಿಗೆ ಬರುತ್ತಿದೆ. ಅದಕ್ಕೆ ಕಾರಣವು ಆಫ್ರಿಕಾ ಖಂಡದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದ ಒಂದು ಸರೋವರ, ಮತ್ತು ಅದರಲ್ಲಿ ಒಟ್ಟಿಗೆ ಬಾಳಿದ ಎರಡು ಜೀವಿಗಳ ಕಥೆ. ಒಂದು ಬಾತು, ಇನ್ನೊಂದು ಲೀಮರ್. ಒಂದು ಮೊಟ್ಟೆಯಿಂದ ಹುಟ್ಟತಕ್ಕದ್ದು, ಇನ್ನೊಂದು ತಾಯಿಯ ಹಾಲು ಕುಡಿದು ಬೆಳೆಯತಕ್ಕದ್ದು. ವಂಶದಿಂದ ಬಹುದೂರವಾದ ಈ ಎರಡೂ ಇಂದು ಅಪಾಯದ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಇದು ಹೇಗಾಯಿತೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸರೋವರದ ಪರಿಚಯ

ಮಡಗಾಸ್ಕರಿನ ಪೂರ್ವಭಾಗದ ಎತ್ತರದ ಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರು ಮೇಲೆ, ಅಲಾವೊತ್ರ ಎಂಬ ಸರೋವರವಿದೆ. ಆ ದ್ವೀಪದ ಸರೋವರಗಳಲ್ಲೆಲ್ಲ ಇದೇ ದೊಡ್ಡದು. ತಿಳಿನೀರಿನ ಹರವು ಸುಮಾರು 200 ಚದರ ಕಿಲೋಮೀಟರು. ಅದಕ್ಕೆ ಹೊಂದಿಕೊಂಡು ಹೆಚ್ಚುಕಡಿಮೆ ಅಷ್ಟೇ ವಿಸ್ತಾರವಾದ ಜೌಗುನೆಲ. ಆ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿದ ಪಪೈರಸ್ ಎಂಬ ಜೊಂಡೂ ಲಾಳದ ಕಡ್ಡಿಗಳೂ ಒತ್ತಾಗಿ ಬೆಳೆದಿರುವುವು. ಜೌಗಿನ ಆಚೆಗೆ ಕಣ್ಣು ಹಾಯುವವರೆಗೂ ಬತ್ತದ ಗದ್ದೆಗಳು. ಈ ಪ್ರದೇಶವನ್ನು ಮಡಗಾಸ್ಕರಿನ ಅನ್ನದ ಕಣಜವೆಂದೇ ಕರೆಯುತ್ತಾರೆ. ಸುತ್ತಣ ಹಳ್ಳಿಗಳ ಲಕ್ಷಾಂತರ ಜನರಿಗೆ ಬತ್ತವೂ ಮೀನೂ ಜೀವನಾಧಾರವಾಗಿವೆ.

ಬಾತಿನ ವಿಷಯ

ಮೊದಲು ಹಕ್ಕಿಯನ್ನು ನೋಡೋಣ. ಇಂಗ್ಲಿಷಿನವರು ಇದನ್ನು ಮಡಗಾಸ್ಕರ್ ಪೋಚಾರ್ಡ್ ಎನ್ನುವರು. ಗಂಡಿನ ಮೈ ಕಡುಗೆಂಪು ಬೆರೆತ ಕಂದು, ಹೊಟ್ಟೆ ಬಿಳಿದು, ಕಣ್ಣು ಅಚ್ಚಬಿಳಿ. ಸ್ಥಳೀಯರು ಇದಕ್ಕೆ ಇಟ್ಟಿರುವ 'ಫೋತ್ಸಿಮಾಸೊ' ಎಂಬ ಹೆಸರಿಗೆ ಬಿಳಿಗಣ್ಣು ಎಂದೇ ಅರ್ಥ. ಹೆಣ್ಣಿನ ಕಣ್ಣು ಮಾತ್ರ ಕಂದು. ಇದು ನೀರಿನಲ್ಲಿ ಮುಳುಗಿ ಅಡಿಯಿಂದ ಆಹಾರವನ್ನೆತ್ತುವ ಬಾತು. 1894ರಲ್ಲಿ ಇಟಲಿಯ ಸಾಲ್ವಡೊರಿ ಎಂಬ ವಿದ್ವಾಂಸನು ಇದನ್ನು ಶಾಸ್ತ್ರೋಕ್ತವಾಗಿ ವರ್ಣಿಸಿ ಹೆಸರಿಟ್ಟನು.

ಪ್ರಾಣಿಶಾಸ್ತ್ರದ ಮೆಟ್ಟಿಲುಗಳಲ್ಲಿ ಇದರ ಸ್ಥಾನವು ಹೀಗಿದೆ: ಬೆನ್ನೆಲುಬಿರುವ ಪ್ರಾಣಿಗಳ ಪೈಕಿ ಪಕ್ಷಿವರ್ಗ, ಅದರೊಳಗೆ ಬಾತು ಹಂಸಗಳ ಗಣ, ಅದರಲ್ಲಿ ಬಾತುಗಳ ಕುಟುಂಬ, ಕುಲ ಐಥಿಯಾ, ಪ್ರಭೇದ ಇನ್ನೊಟೇಟಾ. ಚಳಿಗಾಲದಲ್ಲಿ ಉತ್ತರ ದೇಶಗಳಿಂದ ನಮ್ಮ ಕೆರೆಗಳಿಗೆ ಬಂದಿಳಿಯುವ ಕೆಂಪುತಲೆಯ ಪೋಚಾರ್ಡ್ ಬಾತೂ ಇದೇ ಕುಲಕ್ಕೆ ಸೇರಿದುದು. ಹೀಗೆ, ಎಂದೂ ಕಾಣದ ದ್ವೀಪದ ಈ ಹಕ್ಕಿಯ ದಾಯಾದಿಗಳು ನಮ್ಮ ಊರಿನ ಏರಿಯ ಕೆಳಗೇ ತೇಲುತ್ತಿರುತ್ತವೆ.

ಲೀಮರಿನ ವಿಷಯ

ಇನ್ನು ಎರಡನೆಯದು. ಮಡಗಾಸ್ಕರಿನ ಜನ ಇದನ್ನು ಬಾಂಡ್ರೊ ಎನ್ನುವರು. ಬೆಕ್ಕಿಗಿಂತ ಚಿಕ್ಕದು, ತೂಕ ಒಂದೂಕಾಲು ಕಿಲೋಗ್ರಾಮಿನ ಆಸುಪಾಸು, ಉಣ್ಣೆಯಂಥ ಬೂದುಬಣ್ಣದ ಕೂದಲು, ಮೊಂಡುಮೂತಿ, ಚಿಕ್ಕ ಕಿವಿ, ಮೈಯಷ್ಟೇ ಉದ್ದವಾದ ಬಾಲ. ಲೀಮರುಗಳೆಂದರೆ ಮರದಿಂದ ಮರಕ್ಕೆ ನೆಗೆಯತಕ್ಕವೆಂದು ನಾವು ಓದಿರುತ್ತೇವೆ. ಬಾಂಡ್ರೊಗೆ ಮರವೇ ಬೇಕಿಲ್ಲ. ಜೊಂಡಿನ ಕಡ್ಡಿಗಳನ್ನು ಹಿಡಿದು ನಿಂತಲ್ಲೇ ನಿಂತು, ಅದು ಬಾಗಿದ ಕಡೆಗೆ ತಾನೂ ಬಾಗಿ, ಒಂದು ಕಡ್ಡಿಯಿಂದ ಮತ್ತೊಂದಕ್ಕೆ ದಾಟುತ್ತದೆ. ಜೊಂಡಿನ ತಿರುಳು, ಎಳೆಯ ಚಿಗುರು, ಹುಲ್ಲು ಇವೇ ಆಹಾರ. ಸಮಯ ಬಂದರೆ ಈಜಲೂ ಬಲ್ಲುದು. ಮನುಷ್ಯನೂ ಸೇರಿರುವ ಪ್ರೈಮೇಟ್ ಗಣದಲ್ಲಿ ಹೀಗೆ ಜೌಗಿನ ಜೊಂಡಿನಲ್ಲಿಯೇ ಹುಟ್ಟಿ ಜೊಂಡಿನಲ್ಲಿಯೇ ಸಾಯುವ ಪ್ರಾಣಿ ಇದೊಂದೇ. ಅಲಾವೊತ್ರದ ಸುತ್ತಣ ಜೌಗನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲಿಯೂ ಇದು ಸ್ವತಂತ್ರವಾಗಿ ಬದುಕಿಲ್ಲ.

ಇದರ ಸ್ಥಾನ: ಸಸ್ತನಿವರ್ಗ; ಪ್ರೈಮೇಟ್ ಗಣ; ಲೀಮರ್ ಕುಟುಂಬ; ಕುಲ ಹಾಪಲೀಮರ್; ಪ್ರಭೇದ ಅಲಾವೊತ್ರೆನ್ಸಿಸ್. 1975ರಲ್ಲಿ ರಂಪ್ಲರ್ ಎಂಬವರು ಈ ಹೆಸರನ್ನಿಟ್ಟರು. ಇದು ಬೇರೆಯೇ ಪ್ರಭೇದವೋ, ಅಥವಾ ಕಾಡಿನಲ್ಲಿ ಬಿದಿರು ತಿಂದು ಬದುಕುವ ಬೂದು ಲೀಮರಿನ ಒಂದು ಉಪಪ್ರಭೇದವೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಈ ಚರ್ಚೆ ನಿಷ್ಪ್ರಯೋಜಕವೆಂದು ತಿಳಿಯಬಾರದು. ಬೇರೆ ಪ್ರಭೇದವಾದರೆ ಇದು ನಾಶವಾದಾಗ ಒಂದು ಪ್ರಭೇದವೇ ನಾಶವಾದಂತೆ. ಉಪಪ್ರಭೇದವಾದರೆ ಒಂದು ಕೊಂಬೆ ಮುರಿದಂತೆ. ರಕ್ಷಣೆಗಾಗಿ ಹಣವನ್ನೂ ಗಮನವನ್ನೂ ಹಂಚುವವರು ಈ ವ್ಯತ್ಯಾಸವನ್ನು ನೋಡಿಯೇ ಹಂಚುತ್ತಾರೆ.

ಲೀಮರ್ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ರಾತ್ರಿ ಅಲೆಯುವ ಪ್ರೇತವೆಂದು ಅರ್ಥ. ಸ್ವೀಡನ್ ದೇಶದ ಲಿನೀಯಸನು 1758ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಕಾಡುಪಾಪದ ಬಂಧುವಾದ ಲೋರಿಸನ್ನೂ ಲೀಮರ್ ಕುಲದಲ್ಲಿಯೇ ಸೇರಿಸಿದ್ದನು. ಕುಲವನ್ನು ಆಮೇಲೆ ಬೇರೆ ಮಾಡಿದರೂ ಲೀಮರಿಗೂ ಕಾಡುಪಾಪಕ್ಕೂ ಹತ್ತಿರದ ಬಾಂಧವ್ಯವಿದೆಯೆಂಬುದು ಇಂದಿಗೂ ನಿಂತಿರುವ ಮಾತು. ನಡುವೆ ಹಿಂದೂಮಹಾಸಾಗರವಿರುವಾಗ ಈ ಬಂಧುಗಳು ಎರಡು ದಡಗಳಲ್ಲಿ ಹೇಗೆ ಬಂದುವೆಂದು ಆಲೋಚಿಸಿ, ಫಿಲಿಪ್ ಸ್ಕ್ಲೇಟರ್ ಎಂಬ ಪಕ್ಷಿಶಾಸ್ತ್ರಜ್ಞನು 1864ರಲ್ಲಿ ಸಮುದ್ರದಲ್ಲಿ ಮುಳುಗಿಹೋದ 'ಲೆಮ್ಯೂರಿಯಾ' ಎಂಬ ಭೂಖಂಡವನ್ನು ಕಲ್ಪಿಸಿದನು. ಆ ಕಲ್ಪನೆಯು ಈಗ ಬಿದ್ದುಹೋಗಿದೆ. ಇಂಡಿಯಾ ಮತ್ತು ಮಡಗಾಸ್ಕರ್ ಹಿಂದೆ ಒಂದೇ ನೆಲವಾಗಿದ್ದುದು ನಿಜವೇ. ಆದರೆ ಅವು ಬೇರ್ಪಟ್ಟುದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲೀಮರುಗಳು ಹುಟ್ಟುವುದಕ್ಕೂ ಮುಂಚೆ. ಲೀಮರುಗಳ ಪೂರ್ವಜರು ಅನಂತರದ ಕಾಲದಲ್ಲಿ ಆಫ್ರಿಕಾದಿಂದ, ಪ್ರಾಯಶಃ ತೇಲುವ ಮರಗಿಡಗಳ ರಾಶಿಯ ಮೇಲೆ, ಆ ದ್ವೀಪಕ್ಕೆ ಬಂದು ಸೇರಿದುವೆಂದು ಈಗಿನವರು ಹೇಳುವರು.

ಮೂರು ಬಗೆಯ ವಿಂಗಡಣೆ

ಈ ಎರಡು ಜೀವಿಗಳನ್ನು ನಮ್ಮ ಪೂರ್ವಿಕರು ಹೇಗೆ ವಿಂಗಡಿಸುತ್ತಿದ್ದರು? ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂಬ ನಾಲ್ಕು ಬಗೆಯನ್ನು ವಾಚಕರು ಕೇಳಿಯೇ ಇರುವರು. ಇದು ಹುಟ್ಟನ್ನು ನೋಡಿ ಮಾಡಿದ ವಿಂಗಡಣೆ. ಇದರಂತೆ ಬಾಂಡ್ರೊ ಜರಾಯುಜ, ಬಾತು ಅಂಡಜ. ಮೊದಲು ಮೊಟ್ಟೆಯಾಗಿಯೂ ಆಮೇಲೆ ಮರಿಯಾಗಿಯೂ ಎರಡು ಸಲ ಹುಟ್ಟುವುದರಿಂದ ಹಕ್ಕಿಗೆ ದ್ವಿಜವೆಂಬ ಹೆಸರೂ ಉಂಟು.

ಈಗಿನ ಶಾಸ್ತ್ರವು ಹುಟ್ಟಿನ ರೀತಿಯೊಂದನ್ನೇ ನೋಡದೆ ವಂಶವನ್ನು ನೋಡುತ್ತದೆ. ಯಾವ ಎರಡು ಜೀವಿಗಳ ಪೂರ್ವಜನು ಹತ್ತಿರದಲ್ಲಿದ್ದನೋ ಅವು ಒಂದೇ ಮನೆಯವು. ಹೀಗೆ ನೋಡಿದರೆ ಬಾತಿಗೂ ಬಾಂಡ್ರೊಗೂ ಸಮಾನ ಪೂರ್ವಜನು ಬದುಕಿದ್ದುದು ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ. ಬಾಂಡ್ರೊ ಬಾತಿಗಿಂತ ನಮಗೇ ಎಷ್ಟೋ ಹತ್ತಿರದ ನೆಂಟ; ಬಾತು ಬಾಂಡ್ರೊಗಿಂತ ಮೊಸಳೆಗೆ ಹತ್ತಿರದ ನೆಂಟ.

ಮೂರನೆಯ ವಿಂಗಡಣೆಯೊಂದಿದೆ. ಸುಶ್ರುತಸಂಹಿತೆಯಲ್ಲಿ ಪ್ರಾಣಿಗಳನ್ನು ಜಾಂಗಲವೆಂದೂ ಆನೂಪವೆಂದೂ, ಅಂದರೆ ಒಣನೆಲದವು ಮತ್ತು ನೀರುನೆಲದವು ಎಂದು, ಎರಡಾಗಿ ಮಾಡಿ, ಆನೂಪವನ್ನು ಮತ್ತೆ ಐದಾಗಿ ವಿಭಾಗಿಸಿದೆ: ದಡದಲ್ಲಿ ತಿರುಗುವ ಕೂಲಚರ, ತೇಲುವ ಪ್ಲವ, ಚಿಪ್ಪಿನೊಳಗಿರುವ ಕೋಶಸ್ಥ, ಆಮೆ ಮೊಸಳೆ ಮೊದಲಾದ ಪಾದಿ, ಮತ್ತು ಮತ್ಸ್ಯ. ಇದರ ಪ್ರಕಾರ ನಮ್ಮ ಬಾತು ಪ್ಲವ. ಬಾಂಡ್ರೊವನ್ನು ಆ ಋಷಿಯು ಕಂಡಿದ್ದರೆ ಕೂಲಚರವೆನ್ನುತ್ತಿದ್ದನು. ಎರಡೂ ಆನೂಪವೆಂಬ ಒಂದೇ ಮನೆಯೊಳಗೆ ಸೇರಿದುವು. ಬೆಸ್ತರ ಹುಡುಗನು 'ನಮ್ಮ ಕೆರೆಯವು' ಎಂದು ಬರೆದುದು ಇದನ್ನೇ ಅಲ್ಲವೆ? ಸುಶ್ರುತನನ್ನು ಓದಿದ್ದ ನಮಗೆ ಅಂದು ಅದು ಹೊಳೆಯಲಿಲ್ಲ.

ಸರೋವರಕ್ಕೆ ಬಂದ ವಿಪತ್ತು

ಇಪ್ಪತ್ತನೆಯ ಶತಮಾನದಲ್ಲಿ ಅಲಾವೊತ್ರದ ಜೌಗನ್ನು ಕಡಿದು ಸುಟ್ಟು ಗದ್ದೆ ಮಾಡಿದರು. ಸುತ್ತಲ ಗುಡ್ಡಗಳ ಕಾಡು ಹೋದುದರಿಂದ ಮಣ್ಣು ಕೊರೆದು ಕೆರೆಗೆ ಬಂದು ಹೂಳು ತುಂಬಿತು. ಆಹಾರಕ್ಕಾಗಿ ಹೊರಗಿನಿಂದ ತಂದು ಬಿಟ್ಟ ಗೆಂಡೆ, ತಿಲಾಪಿಯಾ ಮೀನುಗಳೂ, ನಮ್ಮ ಕೊರವ ಮೀನಿನ ಬಂಧುವಾದ ಬೇಟೆಮೀನೂ ನೀರಿನೊಳಗಣ ಗಿಡಗಳನ್ನೂ ಮರಿಗಳನ್ನೂ ಮುಗಿಸಿದುವು. ನೈಲಾನ್ ಬಲೆಗಳಿಗೆ ಮುಳುಗುವ ಹಕ್ಕಿಗಳು ಸಿಕ್ಕಿ ಸತ್ತುವು. ಇದನ್ನು ಮಾಡಿದವರು ದುಷ್ಟರೆಂದು ನಾವು ಹೇಳುವುದಿಲ್ಲ. ಹಸಿದ ಮಕ್ಕಳಿರುವ ಮನೆಯಲ್ಲಿ ಅನ್ನಕ್ಕೆ ನೆಲವನ್ನು ಹುಡುಕುವುದು ಯಾವ ದೇಶದಲ್ಲಿಯೂ ಅಪರಾಧವಲ್ಲ.

ಮೊದಲು ಕಣ್ಮರೆಯಾದುದು ಗುಳುಮುಳುಕನ ಜಾತಿಯ ಒಂದು ಹಕ್ಕಿ. ಅಲಾವೊತ್ರ ಮತ್ತು ಅದರ ನೆರೆಯ ನೀರುಗಳಲ್ಲಿ ಮಾತ್ರ ಇದ್ದ ಇದರ ರೆಕ್ಕೆಗಳು ಗಿಡ್ಡ, ದೂರ ಹಾರಲಾರದು. 1980ರ ದಶಕದ ಅನಂತರ ಅದನ್ನು ಯಾರೂ ನಿಶ್ಚಯವಾಗಿ ಕಂಡಿಲ್ಲ. 2010ರಲ್ಲಿ ಅದು ನಿರ್ನಾಮವಾಯಿತೆಂದು ಘೋಷಿಸಿದರು. ಬಾತಿನ ಗತಿಯೂ ಅದೇ ಆಯಿತೆಂದು ತೋರಿತು. 1960ರ ಜೂನ್ ತಿಂಗಳಿನಲ್ಲಿ ಕಂಡ ಒಂದು ಸಣ್ಣ ಹಿಂಡಿನ ಅನಂತರ ಮೂವತ್ತು ವರ್ಷ ಸುದ್ದಿಯಿಲ್ಲ. 1991ರಲ್ಲಿ ಒಂದೇ ಒಂದು ಗಂಡುಬಾತು ಜನರ ಕೈಗೆ ಸಿಕ್ಕಿತು. ಅದನ್ನು ರಾಜಧಾನಿಯಾದ ಅಂಟನಾನರಿವೊ ನಗರದ ಉದ್ಯಾನದಲ್ಲಿ ಇಟ್ಟು ಸಾಕಿದರು. ಜೊತೆಗಾತಿಯಿಲ್ಲದ ಆ ಒಂಟಿ ಹಕ್ಕಿ ಒಂದು ವರ್ಷ ಬದುಕಿ ಸತ್ತಿತು. ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು.

ಬಾಂಡ್ರೊಗಳ ಎಣಿಕೆಯೂ ಇಳಿಯುತ್ತ ಬಂದಿತು. 1994ರಲ್ಲಿ ಅವು ಸುಮಾರು 7,500 ಇದ್ದುವೆಂದು ಅಂದಾಜು ಮಾಡಿದ್ದರು. ಮುಂದಿನ ಹತ್ತು ವರ್ಷ ತುಂಬುವುದರೊಳಗೆ ಆ ಅಂದಾಜು 3,000ಕ್ಕೆ ಇಳಿಯಿತು. ಬೇಸಗೆಯಲ್ಲಿ ಜೊಂಡಿಗೆ ಬೆಂಕಿ ಹಾಕಿದಾಗ ಓಡಲು ದಾರಿಯಿಲ್ಲದೆ ಬೇಯತಕ್ಕವೂ ಉಂಟು. ಮಾಂಸಕ್ಕಾಗಿ ಹಿಡಿಯತಕ್ಕವೂ ಉಂಟು.

ರೆಕ್ಕೆಯುಳ್ಳದ್ದರ ರಕ್ಷಣೆ

2006ನೆಯ ನವೆಂಬರಿನಲ್ಲಿ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆಯ ಶೋಧಕರು ಬೇರೊಂದು ಹಕ್ಕಿಯಾದ ಸೆಳೆವದ ಜಾತಿಯನ್ನು ಹುಡುಕುತ್ತ, ಅಲಾವೊತ್ರದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿರುವ ಬೆಮನೆವಿಕಾ ಎಂಬ ನಿರ್ಜನಸ್ಥಳಕ್ಕೆ ಹೋದರು. ಅಲ್ಲಿಯ ಬೆಂಕಿಬೆಟ್ಟದ ಬಾಯಲ್ಲಿ ನಿಂತ ಸಣ್ಣ ಕೆರೆಯಲ್ಲಿ ಬಿಳಿಗಣ್ಣಿನ ಬಾತುಗಳು ತೇಲುತ್ತಿದ್ದುವು! ಆಮೇಲೆ ಎಣಿಸಿದಾಗ ಸುಮಾರು ಇಪ್ಪತ್ತೈದು ಇದ್ದುವು. ಲೋಕದಲ್ಲಿ ಉಳಿದಿದ್ದ ಆ ಜಾತಿಯೆಲ್ಲ ಅಷ್ಟೇ.

ಆದರೆ ಅದು ಸುಖದ ನೆಲೆಯಾಗಿರಲಿಲ್ಲ. ಕೆರೆ ಬಹಳ ಕಡಿದಾಗಿಯೂ ಆಳವಾಗಿಯೂ ಇದ್ದು, ಮರಿಗಳಿಗೆ ಎಟಕುವ ಆಹಾರವು ಕಡಿಮೆ. ನೂರಕ್ಕೆ 96 ಮರಿಗಳು ಎರಡು ಮೂರು ವಾರಗಳೊಳಗೆ ಹಸಿವಿನಿಂದ ಸಾಯುತ್ತಿದ್ದುವೆಂದು ಅಧ್ಯಯನದಿಂದ ತಿಳಿದುಬಂದಿತು. ಹಕ್ಕಿಗಳು ಅಲ್ಲಿದ್ದುದು ಆ ಸ್ಥಳವು ಒಳ್ಳೆಯದೆಂದಲ್ಲ, ಬೇರೆ ಸ್ಥಳ ಉಳಿದಿಲ್ಲವೆಂದು. 2009ರಲ್ಲಿ ಡರೆಲ್ ವನ್ಯಜೀವಿ ಸಂಸ್ಥೆ, ಬ್ರಿಟನ್ನಿನ ನೀರುಹಕ್ಕಿಗಳ ಸಂಸ್ಥೆ, ಪೆರೆಗ್ರಿನ್ ಫಂಡ್ ಮತ್ತು ಮಡಗಾಸ್ಕರಿನ ಸರ್ಕಾರ ಒಟ್ಟಾಗಿ ಗೂಡುಗಳಿಂದ ಮೊಟ್ಟೆಗಳನ್ನು ತೆಗೆದು ಯಂತ್ರದ ಕಾವಿನಿಂದ ಮರಿ ಮಾಡಿಸಿದರು. ಅಂಟ್ಸೊಹಿಹಿ ಎಂಬ ಊರಿನ ಒಂದು ಹೋಟೆಲೇ ಆ ಮರಿಗಳಿಗೆ ಮೊದಲ ತೊಟ್ಟಿಲಾಯಿತು. ಆಮೇಲೆ ಅಲ್ಲಿಯೇ ಅವಕ್ಕಾಗಿ ಸಾಕಣೆಯ ಕೇಂದ್ರವನ್ನು ಕಟ್ಟಿದರು. 2018ರ ಡಿಸೆಂಬರಿನಲ್ಲಿ 21 ಬಾತುಗಳನ್ನು ಸೋಫಿಯಾ ಎಂಬ ಸರೋವರದಲ್ಲಿ ಬಿಟ್ಟರು. ನೀರಿನ ಮೇಲೆ ತೇಲುವ ದೊಡ್ಡ ಪಂಜರಗಳಲ್ಲಿ ಕೆಲವು ದಿನ ಇಟ್ಟು, ಆ ನೀರಿಗೆ ಒಗ್ಗಿದ ಮೇಲೆ ಬಾಗಿಲು ತೆರೆದರು. ಮರುವರ್ಷ ಅವು ತಾವಾಗಿಯೇ ಮರಿ ಮಾಡಿದುವು. ಇದಕ್ಕೆ ಮುಂಚೆಯೇ ಸರೋವರದ ಸುತ್ತಣ ಹಳ್ಳಿಗಳವರೊಡನೆ ಕುಳಿತು, ನೀರು ಕೆಡದಂತೆ ಬತ್ತ ಬೆಳೆಯುವ, ಮೀನು ಹಿಡಿಯುವ ಕ್ರಮಗಳನ್ನು ಗೊತ್ತುಮಾಡಿದ್ದರೆಂಬುದನ್ನು ಮರೆಯಬಾರದು.

ರೆಕ್ಕೆಯಿಲ್ಲದ್ದರ ರಕ್ಷಣೆ

ಇದೇ ಉಪಾಯವನ್ನು ಬಾಂಡ್ರೊಗೂ ಏಕೆ ಮಾಡಬಾರದೆಂದು ಕೇಳಬಹುದು. ಇಲ್ಲಿಯೇ ವರ್ಗೀಕರಣದ ಪ್ರಯೋಜನವು ಕಾಣುವುದು. ಅಂಡಜದ ಮೊಟ್ಟೆಯನ್ನು ತೆಗೆದು ಬೇರೆಡೆ ಕಾವು ಕೊಡಬಹುದು. ಬಾತಿನ ಮರಿ ಹೊರಬಂದ ದಿನವೇ ಈಜಿ ತನ್ನ ಆಹಾರವನ್ನು ತಾನೇ ಹೆಕ್ಕತೊಡಗುತ್ತದೆ. ಒಂದೇ ಸಲಕ್ಕೆ ಹಲವು ಮೊಟ್ಟೆಗಳು. ಜರಾಯುಜದ ಹಾದಿ ಬೇರೆ. ಬಾಂಡ್ರೊ ಹೆಣ್ಣು ವರ್ಷಕ್ಕೆ ಒಂದೋ ಎರಡೋ ಮರಿಯನ್ನು ಹೆತ್ತು, ಹಾಲೂಡಿಸಿ, ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಯಾವ ಕಡ್ಡಿ ತಿನ್ನತಕ್ಕದ್ದು, ಯಾವ ಎಲ್ಲೆ ತನ್ನ ಮನೆತನದ್ದು ಎಂಬುದನ್ನು ಮರಿಯು ತಾಯಿತಂದೆಗಳ ಜೊತೆಯಲ್ಲಿ ಇದ್ದೇ ಕಲಿಯಬೇಕು. 1990ರಲ್ಲಿ ಜೆರಾಲ್ಡ್ ಡರೆಲ್ ಎಂಬ ಪ್ರಸಿದ್ಧ ಪ್ರಾಣಿಪ್ರೇಮಿಯು ಕೆಲವು ಬಾಂಡ್ರೊಗಳನ್ನು ಜರ್ಸಿ ದ್ವೀಪದ ತನ್ನ ಮೃಗಾಲಯಕ್ಕೆ ಒಯ್ದನು. ಅಲ್ಲಿ ಅವು ವಂಶ ಬೆಳೆಸಿವೆ. ಆದರೆ ಅದು ಬೀಜವನ್ನು ಮಡಕೆಯಲ್ಲಿ ತುಂಬಿಟ್ಟಂತೆ; ಬಿತ್ತಲು ಹೊಲ ಬೇಕು.

ಇನ್ನೊಂದು ಭೇದವು ಇದಕ್ಕಿಂತ ದೊಡ್ಡದು. ಬಾತಿಗೆ ರೆಕ್ಕೆಯಿತ್ತು. ಅಲಾವೊತ್ರ ಕೆಟ್ಟಾಗಲೂ ಅದರ ಜಾತಿಯ ಕೆಲವು ದೂರದ ಬೆಟ್ಟದ ಕೆರೆಯೊಂದರಲ್ಲಿ, ಅರೆಹೊಟ್ಟೆಯಲ್ಲಾದರೂ, ಉಸಿರು ಹಿಡಿದುಕೊಂಡಿದ್ದುವು. ಬಾಂಡ್ರೊಗೆ ಅಂಥ ಇನ್ನೊಂದು ಕೆರೆಯಿಲ್ಲ. ಅದು ಜೌಗನ್ನು ಬಿಟ್ಟು ಗದ್ದೆಯ ಬಯಲನ್ನು ದಾಟಲಾರದು. ಆದ್ದರಿಂದ ಬಾತನ್ನು ಹೊಸ ಸರೋವರಕ್ಕೆ ಕರೆದೊಯ್ದು ಉಳಿಸಬಹುದಾಯಿತು. ಬಾಂಡ್ರೊವನ್ನು ಉಳಿಸಬೇಕಾದರೆ ಅಲಾವೊತ್ರವನ್ನೇ ಉಳಿಸಬೇಕು.

ಅದಕ್ಕೂ ಪ್ರಯತ್ನಗಳು ನಡೆದಿವೆ. 2003ರಲ್ಲಿ ಅಲಾವೊತ್ರವನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿಸಿದರು. ಅನಂತರ ಅದನ್ನು ರಕ್ಷಿತ ಪ್ರದೇಶವನ್ನಾಗಿ ಮಾಡಿದರು. ಆಂಡ್ರೆಬಾ ಎಂಬ ಹಳ್ಳಿಯವರು ತಮ್ಮ ಬದಿಯ ಸುಮಾರು 85 ಹೆಕ್ಟೇರ್ ಜೊಂಡಿಗೆ 'ಬಾಂಡ್ರೊ ಉದ್ಯಾನ'ವೆಂದು ಹೆಸರಿಟ್ಟು, ಬೆಂಕಿ ಬೀಳದಂತೆ ನೋಡಿಕೊಂಡು, ಪ್ರವಾಸಿಗಳನ್ನು ಬೆಳಗಿನ ಜಾವ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತ ಬಂದಿದ್ದಾರೆ. ಎಲ್ಲ ಲೀಮರುಗಳ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧವಾಗಿದೆ. ಹೀಗಿದ್ದರೂ 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯನ್ನು ತಿದ್ದಿದಾಗ, 107 ಲೀಮರ್ ಪ್ರಭೇದಗಳಲ್ಲಿ 103 ಅಪಾಯದಲ್ಲಿರುವುದಾಗಿ ಕಂಡಿತು. ಅವುಗಳಲ್ಲಿ 33 ಅತ್ಯಂತ ತೀವ್ರವಾದ ಅಪಾಯದಲ್ಲಿವೆ. ಬಾಂಡ್ರೊ ಆ 33ರಲ್ಲಿ ಒಂದು. ಬಾತೂ ಪಟ್ಟಿಯ ಅದೇ ಶ್ರೇಣಿಯಲ್ಲಿದೆ. ಮೂವತ್ತು ಕೋಟಿ ವರ್ಷಗಳಿಂದ ಬೇರೆಬೇರೆಯಾಗಿ ನಡೆದು ಬಂದ ಎರಡು ವಂಶಗಳು ಒಂದು ಶತಮಾನದೊಳಗೆ ಒಂದೇ ಪುಟಕ್ಕೆ ಬಂದು ಸೇರಿದುವು.

ನಮ್ಮ ಮನೆಯ ಬಳಿ

ಇದೆಲ್ಲ ದೂರದ ದ್ವೀಪದ ಮಾತೆಂದು ವಾಚಕರು ಪುಸ್ತಕವನ್ನು ಮುಚ್ಚದಿರಲಿ. ಲೀಮರಿನ ಬಂಧುವಾದ ಕಾಡುಪಾಪವು ನಮ್ಮ ತುಮಕೂರು ಸೀಮೆಯ ತೋಪುಗಳಲ್ಲಿಯೂ ಬೇಲಿಸಾಲುಗಳಲ್ಲಿಯೂ ಇಂದಿಗೂ ಇದೆ. ಬೆಂಗಳೂರಿನ ವಿಜ್ಞಾನಮಂದಿರದ ಆವರಣದ ಮರಗಳಲ್ಲಿಯೂ ಇದೆ. 1972ರ ಕಾಯಿದೆಯು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿದೆ. ಆದರೂ ಮಾಟಮಂತ್ರಕ್ಕೆಂದೂ ನಾಟಿ ಔಷಧಕ್ಕೆಂದೂ ಆ ಬಡಪ್ರಾಣಿಯನ್ನು ಹಿಡಿದು ಹಿಂಸಿಸುವವರು ಇದ್ದಾರೆ. ಅದಕ್ಕೂ ರೆಕ್ಕೆಯಿಲ್ಲ, ನೆಗೆಯಲೂ ಬಾರದು, ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮುಂದೆ ಹೋದೀತು. ಬೇಲಿಯ ಎರಡು ಮರಗಳನ್ನು ಕಡಿದರೆ ಅದರ ಪಾಲಿಗೆ ಸೇತುವೆ ಮುರಿದಂತೆ. ಇತ್ತ, ಚಳಿಗಾಲದ ಪೋಚಾರ್ಡ್ ಬಾತುಗಳು ಒಂದು ಕೆರೆ ಮುಚ್ಚಿಹೋದರೆ ಮುಂದಿನ ಕೆರೆಗೆ ಹಾರುತ್ತವೆ. ಮುಂದಿನ ಕೆರೆ ಇರುವವರೆಗೆ.

ನಾವು ಕೆಲಸದಿಂದ ನಿವೃತ್ತರಾದ ಮೇಲೆ ಒಮ್ಮೆ ಆ ಹಳ್ಳಿಗೆ ಹೋಗಿದ್ದೆವು. ಶಾಲೆ ಇತ್ತು. ಕೆರೆಯ ಅರ್ಧ ಭಾಗ ಹೂಳು ತುಂಬಿ ಬಯಲಾಗಿ, ಅದರ ಮೇಲೆ ನಿವೇಶನಗಳ ಕಲ್ಲು ನೆಟ್ಟಿದ್ದರು. ಬಾತು, ಕಪ್ಪೆ, ಆಮೆ, ನೀರುನಾಯಿ, ಈ ನಾಲ್ಕರಲ್ಲಿ ನಮ್ಮ ಕಣ್ಣಿಗೆ ಬಿದ್ದುದು ಕಪ್ಪೆಯೊಂದೇ. ಆ ಹುಡುಗನು ಊರು ಬಿಟ್ಟು ಎಷ್ಟೋ ವರ್ಷವಾಯಿತೆಂದು ಹೇಳಿದರು.

ವಂಶವನ್ನು ನೋಡಿ ಮಾಡುವ ವರ್ಗೀಕರಣವು ಸುಳ್ಳಲ್ಲ. ಅದಿಲ್ಲದಿದ್ದರೆ ಬಾತಿಗೆ ಯಾವ ಉಪಾಯ, ಬಾಂಡ್ರೊಗೆ ಯಾವ ಉಪಾಯ ಎಂಬುದು ತಿಳಿಯುತ್ತಿರಲಿಲ್ಲ. ಆದರೆ ನೆಲೆಯನ್ನು ನೋಡಿ ಮಾಡುವ ವಿಂಗಡಣೆಯೂ ಅಷ್ಟೇ ಸತ್ಯ. ಅದನ್ನು ಮರೆತರೆ ಉಪಾಯ ಮಾಡಲು ಜೀವಿಯೇ ಉಳಿಯದು. ಆ ಉತ್ತರಪತ್ರಿಕೆಯು ಇಂದು ನಮ್ಮ ಕೈಗೆ ಬಂದರೆ, ಪ್ರಶ್ನೆಯನ್ನು ನಾವೇ ಸರಿಯಾಗಿ ಕೇಳಲಿಲ್ಲವೆಂದು ಅದರ ಅಂಚಿನಲ್ಲಿ ಬರೆದು, ಸೊನ್ನೆಯನ್ನು ಹೊಡೆದುಹಾಕಿ, ಪೂರ್ಣ ಅಂಕವನ್ನು ಕೊಡುವೆವು.